ಲ್ಯಾನ್ಸ್‌ಡೌನ್ ಕಟ್ಟಡದೊಳಗೆ ಯಾರಿರಬೇಕು? ಪಾಲಿಕೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಮೈಸೂರು ಮಹಾನಗರ ಪಾಲಿಕೆ, ಮೈಸೂರು.

ಪ್ರತಿ: ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಪುರಾತತ್ವ ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ, ಮತ್ತು ಮೈಸೂರಿನ ನಾಗರಿಕರಿಗೆ.

ವಿಷಯ: ಕೆ.ಆರ್. ವೃತ್ತದ ಬಳಿ ಖಾಲಿ ನಿಂತಿರುವ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಸರ್ಕಾರಿ ಹೈಸ್ಕೂಲು ಮತ್ತು ಪಿಯು ಕಾಲೇಜು ತೆರೆಯುವ ಬಗ್ಗೆ.

ಮಾನ್ಯರೇ,

ನಾನು ನಿವೃತ್ತ ಸರ್ಕಾರಿ ಹೈಸ್ಕೂಲು ಮೇಷ್ಟ್ರು. ಇದೇ ಊರಿನವನು. ಲ್ಯಾನ್ಸ್‌ಡೌನ್ ಕಟ್ಟಡದ ಬಗ್ಗೆ ನಿಮ್ಮ ಕಚೇರಿಗೆ ಬಂದಿರುವ ಅರ್ಜಿಗಳ ಕಡತವೇ ಒಂದು ಬೀರು ತುಂಬಿರಬಹುದು. ಉಳಿಸಿ ಅಂದವರು ಬರೆದಿದ್ದಾರೆ. ಕೆಡವಿ ಅಂದವರೂ ಬರೆದಿದ್ದಾರೆ. ಎರಡೂ ಕಡೆ ತಿಳಿದವರೇ ಇದ್ದಾರೆ. ಆ ವಾದಕ್ಕೆ ಇನ್ನೊಂದು ಹಾಳೆ ಸೇರಿಸಲು ನಾನು ಕೂತಿಲ್ಲ. ಉಳಿಸಿಯೋ, ಕೆಡವಿ ಕಟ್ಟಿಯೋ, ಕೊನೆಗೆ ಅದರೊಳಗೆ ಯಾರು ಇರಬೇಕು ಅನ್ನುವುದು ನನ್ನ ಪ್ರಶ್ನೆ. ಇಷ್ಟು ವರ್ಷದಲ್ಲಿ ಇದನ್ನು ಗಟ್ಟಿಯಾಗಿ ಯಾರೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ನನ್ನ ಉತ್ತರವನ್ನೂ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಸರ್ಕಾರಿ ಹೈಸ್ಕೂಲು ಮತ್ತು ಪಿಯು ಕಾಲೇಜು ಬರಬೇಕು. ನೆಲಮಹಡಿಯ ಒಂದು ಭಾಗದಲ್ಲಿ ಹಳೇ ಪುಸ್ತಕದ ಅಂಗಡಿಗಳು ಮರಳಿ ಬರಬೇಕು.

ಕಟ್ಟಡದ ಕತೆ ನಿಮಗೆ ಗೊತ್ತಿರುವುದೇ. ಆದರೆ ಇದು ಬಹಿರಂಗ ಪತ್ರ, ಹೊಸಬರೂ ಓದುತ್ತಾರೆ. ಹಾಗಾಗಿ ಚುಟುಕಾಗಿ ಹೇಳುತ್ತೇನೆ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ ಇದು ಎದ್ದಿತು. ಕಮಾನುಗಳ ಉದ್ದನೆಯ ಸಾಲು, ಕೆಳಗೂ ಮೇಲೂ ಮಳಿಗೆಗಳು. ಒಂದು ಶತಮಾನಕ್ಕೂ ಜಾಸ್ತಿ ಕಾಲ ವ್ಯಾಪಾರ ನಡೆಯಿತು. 2012ರ ಆಗಸ್ಟ್ 25ರಂದು ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ಮಳಿಗೆಗಳನ್ನು ಖಾಲಿ ಮಾಡಿಸಿದರು. ಅಲ್ಲಿಂದ ಇಲ್ಲಿಯವರೆಗೆ ಸಮಿತಿಗಳು, ವರದಿಗಳು, ಕೋರ್ಟು. ಒಂದು ಕಡೆಯ ತಜ್ಞರು ದುರಸ್ತಿ ಮಾಡಿ ಉಳಿಸಬಹುದು ಅಂದರು. ಇನ್ನೊಂದು ಕಡೆಯವರು ಕೆಡವಿ ಅದೇ ಶೈಲಿಯಲ್ಲಿ ಕಟ್ಟಬೇಕು ಅಂದರು. ನಡುವೆ 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಎರಡೂ ಕಟ್ಟಡಗಳ ಹಣೆಬರಹ ಒಂದಾಯಿತು. ಕೆಡವುವ ತೀರ್ಮಾನವನ್ನು ಪ್ರಶ್ನಿಸಿದ ಅರ್ಜಿಗಳನ್ನು 2023ರಲ್ಲಿ ಹೈಕೋರ್ಟ್ ವಜಾ ಮಾಡಿತು.

ಇಷ್ಟೆಲ್ಲ ನಡೆಯುವಾಗ ಪ್ರತಿ ಮಾತೂ ಗೋಡೆ, ತೊಲೆ, ಗಾರೆ, ಬಿರುಕಿನ ಸುತ್ತಲೇ ಸುತ್ತಿತು. ಅದು ತಪ್ಪಲ್ಲ. ಜನ ಸತ್ತಿದ್ದಾರೆ. ಆದರೆ ಕಟ್ಟಡದ ಕೆಲಸ ಏನು ಅಂತ ಗೊತ್ತಿಲ್ಲದೆ ಅದರ ದುರಸ್ತಿಯ ಅಂದಾಜು ಹಾಕುವುದು ಹೇಗೆ? ಹಳೇ ಸಾಲು ಮಳಿಗೆಯ ನಕ್ಷೆಯನ್ನೇ ಮತ್ತೆ ಎಳೆದು ಕಟ್ಟಿದರೆ ಮತ್ತೆ ಚಿಕ್ಕ ಚಿಕ್ಕ ಗೂಡುಗಳೇ ಸಿಗುತ್ತವೆ. ಆಮೇಲೆ ಯಾರಿಗೋ ಇಲ್ಲೊಂದು ಶಾಲೆಯೋ ಗ್ರಂಥಾಲಯವೋ ಆಗಲಿ ಅನ್ನಿಸಿದರೆ ಹೊಸ ಗೋಡೆ ಒಡೆಯಬೇಕು. ದುರಸ್ತಿಯಲ್ಲೂ ಇದೇ ತೊಂದರೆ. ಎರಡು ಮಳಿಗೆ ಸೇರಿದರೆ ಒಂದು ಕ್ಲಾಸ್ ರೂಮ್ ಆದೀತು. ನಡುವಿನ ಗೋಡೆ ಭಾರ ಹೊತ್ತ ಗೋಡೆಯಾದರೆ ಅದನ್ನು ತೆಗೆಯುವಂತಿಲ್ಲ, ಬೇರೆ ದಾರಿ ನೋಡಬೇಕು. ಇದೆಲ್ಲ ಈಗ, ಕೆಲಸ ಶುರುವಾಗುವ ಮುಂಚೆ, ತೀರ್ಮಾನ ಆಗಬೇಕಾದ ವಿಷಯ ಅಲ್ವಾ?

ಶಾಲೆಯೇ ಯಾಕೆ? ಮೇಷ್ಟ್ರಿಗೆ ಕಂಡದ್ದೆಲ್ಲ ಶಾಲೆ ಅಂತ ನೀವು ನಗಬಹುದು. ನನ್ನ ಕಾರಣಗಳನ್ನು ಕೇಳಿ.

ಕೆ.ಆರ್. ವೃತ್ತದ ಸುತ್ತಲಿನ ಹಳೇ ಮೈಸೂರು ದುಡಿಯುವವರ ಊರು. ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ದೇವರಾಜ ಮೊಹಲ್ಲಾ, ಅಗ್ರಹಾರದ ಹಿಂದಿನ ಓಣಿಗಳು. ಮಾರ್ಕೆಟ್ಟಿನಲ್ಲಿ ಹೂವು ಕಟ್ಟುವವರು, ಬಾಳೆಎಲೆ ಮಾರುವವರು, ಮೂಟೆ ಹೊರುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಟೈಲರುಗಳು, ಆಟೋದವರು. ಇವರ ಮಕ್ಕಳು ಪ್ರೈಮರಿ ಶಾಲೆಗೆ ಹೇಗೋ ಹೋಗುತ್ತಾರೆ. ಕಾನೂನು ಅವರ ಬೆನ್ನಿಗಿದೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುತ್ತದೆ. ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಅದರ ನಿಯಮಗಳು ಹೇಳುತ್ತವೆ.

14 ತುಂಬಿತು ಅನ್ನಿ. ಆ ಹಕ್ಕು ಅಲ್ಲಿಗೆ ಮುಗಿಯಿತು. ಬಾಲಕಾರ್ಮಿಕ ಕಾಯ್ದೆಯ ಪೂರ್ತಿ ನಿಷೇಧವೂ ಅದೇ ವಯಸ್ಸಿಗೆ ಮುಗಿಯುತ್ತದೆ. 2016ರ ತಿದ್ದುಪಡಿಯ ನಂತರ 14ಕ್ಕಿಂತ ಕೆಳಗಿನವರನ್ನು ದುಡಿಸುವಂತಿಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಗಳಿಗೆ ಮಾತ್ರ ಹಚ್ಚುವಂತಿಲ್ಲ. ಅಂಗಡಿಯಲ್ಲಿ ಚೀಲ ಕಟ್ಟಬಹುದು. ಹೋಟೆಲಿನಲ್ಲಿ ಟೇಬಲ್ ಒರೆಸಬಹುದು. ಒಂದು ಕಡೆ ಶಾಲೆ ಹುಡುಗನ ಕೈ ಬಿಡುತ್ತದೆ, ಅದೇ ವರ್ಷ ಮಾರ್ಕೆಟ್ಟು ಕೈ ಹಿಡಿಯುತ್ತದೆ. ಎಂಟನೇ ತರಗತಿಯ ಹಾಜರಿ ಪುಸ್ತಕವನ್ನೂ ಅದೇ ಮಕ್ಕಳ ಹತ್ತನೇ ತರಗತಿಯ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಯಾವ ಸರ್ಕಾರಿ ಮೇಷ್ಟ್ರಿಗೂ ಇದು ಗೊತ್ತು. ಹೆಸರುಗಳು ಒಂದೊಂದಾಗಿ ಕೆಂಪು ಗೆರೆಯ ಕೆಳಗೆ ಹೋಗುತ್ತವೆ. ಹತ್ತನೇ ತರಗತಿ ಮುಗಿಸಿದವರಲ್ಲೂ ಎಲ್ಲರೂ ಪಿಯುಗೆ ಬರುವುದಿಲ್ಲ.

ನನ್ನ ಹತ್ತಿರ ಓದಿದ ಒಬ್ಬಳು ಹುಡುಗಿ ಇದ್ದಳು. ತಾಯಿ ಹೂವಿನ ವ್ಯಾಪಾರ. ಲೆಕ್ಕದಲ್ಲಿ ಚುರುಕು. ಬಾಯಲ್ಲೇ ಶೇಕಡಾ ಲೆಕ್ಕ ಮಾಡುತ್ತಿದ್ದಳು, ಮಾರು ಹೂವಿನ ಲೆಕ್ಕ ಮಾಡಿ ಮಾಡಿ ಬಂದ ಅಭ್ಯಾಸ. ಹತ್ತನೇ ತರಗತಿ ಪಾಸಾದಳು. ಪಿಯುಗೆ ಸೀಟು ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ. ಬೆಳಿಗ್ಗೆ ತಾಯಿಯ ಜೊತೆ ಹೂವು ಇಳಿಸಿಕೊಂಡು, ಆಮೇಲೆ ಅಷ್ಟು ದೂರ ಹೋಗಿ, ಮತ್ತೆ ಸಂಜೆಯ ವ್ಯಾಪಾರಕ್ಕೆ ಬರುವುದು ಆಗಲಿಲ್ಲ. ಕಾಲೇಜು ಬಿಟ್ಟಳು. ತಾಯಿಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮನೆಯ ಕಸುಬಿಗೆ ಓದಿನ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಮಕ್ಕಳು ನೆರವಾಗಬಹುದು ಅಂತ ಕಾನೂನೇ ಹೇಳುತ್ತದೆ. ಹಾಗಾದರೆ ಓದುವ ಜಾಗವನ್ನು ಆ ಕಸುಬಿನ ಹತ್ತಿರ ತರೋಣ. ಮಾರ್ಕೆಟ್ಟಿನಿಂದ ನಡೆದು ಹೋಗುವಷ್ಟು ಹತ್ತಿರ.

ಅದಕ್ಕೇ ನಾನು ಕೇಳುವುದು ಎಂಟರಿಂದ ಹನ್ನೆರಡರವರೆಗಿನ ಶಾಲೆ. ಒಂದನೇ ತರಗತಿಯ ಕೂಸುಗಳನ್ನು ಕೆ.ಆರ್. ವೃತ್ತದ ಟ್ರಾಫಿಕ್ಕಿಗೆ ತರಬೇಡಿ. ಪುಟ್ಟ ಮಕ್ಕಳಿಗೆ ಮನೆ ಹತ್ತಿರದ ಶಾಲೆಯೇ ಸರಿ. ಈ ಮಾತು ಒತ್ತಿ ಹೇಳಲು ಕಾರಣ ಇದೆ. ಈಚೆಗೆ ಕರ್ನಾಟಕ ಪಬ್ಲಿಕ್ ಶಾಲೆಗಳ ಹೆಸರಿನಲ್ಲಿ ಸುತ್ತಲಿನ ಚಿಕ್ಕ ಕನ್ನಡ ಶಾಲೆಗಳನ್ನು ಒಂದೇ ಕಡೆ ಸೇರಿಸುವ ಮಾತು ಎದ್ದಿದೆ. ಪೋಷಕರಲ್ಲಿ ಹೆದರಿಕೆಯೂ ಇದೆ. ಲ್ಯಾನ್ಸ್‌ಡೌನಿನಲ್ಲಿ ಹೊಸ ಶಾಲೆ ಬಂತು ಅಂತ ಮಂಡಿ ಮೊಹಲ್ಲಾದ ಯಾವುದೋ ಪ್ರೈಮರಿ ಶಾಲೆಗೆ ಬೀಗ ಬಿದ್ದರೆ ಈ ಪತ್ರವನ್ನು ನಾನು ಬರೆಯದೇ ಇದ್ದದ್ದೇ ವಾಸಿ ಆಗುತ್ತದೆ.

ದೂರದ ಮಕ್ಕಳಿಗೂ ಈ ಜಾಗ ಅನುಕೂಲ. ನಗರ ಬಸ್ ನಿಲ್ದಾಣ ಅಲ್ಲೇ ಪಕ್ಕದಲ್ಲಿದೆ. ಊರಿನ ಯಾವ ಬಡಾವಣೆಯಿಂದಾದರೂ ಬಸ್ಸು ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹುಡುಗರಿಗೆ ಪಾಸ್ ಇದೆ. ಎರಡು ಬಸ್ ಬದಲಿಸಿ ಕಾಲೇಜಿಗೆ ಹೋಗುವ ಹುಡುಗಿಯನ್ನು ಮನೆಯವರು ಬೇಗ ಬಿಡಿಸುತ್ತಾರೆ. ಒಂದೇ ಬಸ್ಸು, ಇಳಿದ ಕೂಡಲೇ ಕಾಲೇಜು ಅಂದರೆ ಅಷ್ಟು ಸುಲಭಕ್ಕೆ ಬಿಡಿಸುವುದಿಲ್ಲ. ಇದು ನನ್ನ ಸರ್ವಿಸ್‌ನಲ್ಲಿ ಮತ್ತೆ ಮತ್ತೆ ಕಂಡ ಮಾತು.

ಇನ್ನು ಜಾಗದ ಕೊರತೆಯ ವಿಷಯ. ನಾನು ಪಾಠ ಮಾಡಿದ ಒಂದು ಶಾಲೆಯಲ್ಲಿ, ಹೆಸರು ಬೇಡ, ಒಂಬತ್ತನೇ ತರಗತಿಯ ಎರಡು ಸೆಕ್ಷನ್ ಒಂದೇ ಕೋಣೆಯಲ್ಲಿ ಕೂರುತ್ತಿದ್ದವು. ನಡುವೆ ಎರಡು ಕಬ್ಬಿಣದ ಬೀರು. ಬೀರುವಿನ ಆ ಕಡೆ ಮೇಡಂ ಫ್ರೆಂಚ್ ಕ್ರಾಂತಿ ಹೇಳುತ್ತಿದ್ದರು, ಈ ಕಡೆ ನಾನು ಬಹುಪದೋಕ್ತಿ. ಕೊನೆಯ ಬೆಂಚಿನ ಹುಡುಗರು ಎರಡನ್ನೂ ಕೇಳಿಸಿಕೊಂಡು ಎರಡರಲ್ಲೂ ಫೇಲಾದರು. ವಿಜ್ಞಾನದ ಪ್ರಯೋಗದ ಸಾಮಾನು ಪೆಟ್ಟಿಗೆಯಲ್ಲಿ ಬಂದದ್ದು ಪೆಟ್ಟಿಗೆಯಲ್ಲೇ ಉಳಿಯಿತು, ಇಡಲು ಮೇಜು ಹಾಕುವ ಜಾಗ ಇರಲಿಲ್ಲ. ಹೊಸ ಕೋಣೆ ಕೊಡಿ ಅಂದರೆ ಊರ ನಡುವೆ ನಿವೇಶನ ಎಲ್ಲಿದೆ ಅನ್ನುವ ಉತ್ತರ. ಅದೇ ಊರ ನಡುವೆ ಇಷ್ಟುದ್ದದ ಸಾರ್ವಜನಿಕ ಕಟ್ಟಡ 2012ರಿಂದ ಖಾಲಿ!

ಹಳೇ ಕಟ್ಟಡದಲ್ಲಿ ಶಾಲೆ ಅನ್ನುವುದು ನಮ್ಮ ಊರಿಗೆ ಹೊಸದೂ ಅಲ್ಲ. ಮೈಸೂರು ತನ್ನ ಅರಮನೆ, ಬಂಗಲೆಗಳನ್ನು ಕೆಲಸಕ್ಕೆ ಹಚ್ಚಿಯೇ ಉಳಿಸಿಕೊಂಡ ಊರು. ಚೆಲುವಾಂಬ ಮ್ಯಾನ್ಷನ್ ರಾಜಕುಮಾರಿಯ ಮನೆಯಾಗಿತ್ತು. 1950ರಿಂದ ಅಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಜಯಲಕ್ಷ್ಮಿ ವಿಲಾಸ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಾಯಿತು. ಜಗನ್ಮೋಹನ ಅರಮನೆ ಚಿತ್ರಶಾಲೆಯಾಯಿತು. ನಜರ್‌ಬಾದಿನ ವಸಂತ ಮಹಲಿನಲ್ಲಿ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ನಡೆಯುತ್ತದೆ. ಮೇಷ್ಟ್ರುಗಳ ತರಬೇತಿ ಅಲ್ಲೇ. ಎತ್ತರದ ಸೂರು, ದಪ್ಪ ಗೋಡೆ. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ಫ್ಯಾನು ಅಷ್ಟಾಗಿ ಬೇಕಾಗುವುದಿಲ್ಲ. ತರಬೇತಿಯ ಪಾಠ ಎಷ್ಟು ತಲೆಗೆ ಹೋಯಿತೋ ಗೊತ್ತಿಲ್ಲ, ಮಧ್ಯಾಹ್ನದ ಊಟದ ಮೇಲೆ ಆ ತಂಪಿನಲ್ಲಿ ಕಣ್ಣು ಎಳೆದದ್ದಂತೂ ನೆನಪಿದೆ. ಒಂದು ಕಟ್ಟಡ ಮೇಷ್ಟ್ರುಗಳಿಗೆ ಆಗುತ್ತದೆ ಅಂದಮೇಲೆ ಮಕ್ಕಳಿಗೆ ಯಾಕಾಗಬಾರದು?

1891ರಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿಯನ್ನೇ ತೆಗೆದುಕೊಳ್ಳಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲಿಯೇ, 1905ರಲ್ಲಿ. ಲ್ಯಾನ್ಸ್‌ಡೌನ್ ಕಟ್ಟಡದ ಓರಗೆಯದು ಅದು, ಒಂದು ವರ್ಷ ಹಿರಿಯದು. ಅದಕ್ಕೂ ಮುಂಚೆ, 1833ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ಇಂಗ್ಲಿಷ್ ಶಾಲೆ ಮುಂದೆ ಮಹಾರಾಜಾ ಕಾಲೇಜಾಯಿತು. 1881ರಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಗಿ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಹೆಣ್ಣುಮಕ್ಕಳಿಗೆ ಓದು ಯಾಕೆ ಅನ್ನುತ್ತಿದ್ದ ಕಾಲದಲ್ಲಿ ಈ ಊರು ಅಂಥ ಕೆಲಸ ಮಾಡಿದೆ.

ಮಹಾರಾಣಿ ಕಾಲೇಜಿನ ಹೆಸರು ಬಂದ ಕೂಡಲೇ ನಿಮ್ಮ ಇಂಜಿನಿಯರುಗಳಿಗೆ ಇನ್ನೊಂದು ನೆನಪಾಗುತ್ತದೆ, ಗೊತ್ತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಒಂದು ಭಾಗ ಕುಸಿಯಿತು. ಮೊದಲೇ ಎಚ್ಚೆತ್ತು ವಿದ್ಯಾರ್ಥಿನಿಯರನ್ನು ಹೊರಗೆ ಕಳಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಇದು ನನ್ನ ವಾದಕ್ಕೆ ವಿರುದ್ಧವಾದ ಉದಾಹರಣೆ ಅಂತ ಯಾರಾದರೂ ಹೇಳಬಹುದು. ಅದನ್ನು ನಾನು ಪಕ್ಕಕ್ಕೆ ತಳ್ಳುವುದಿಲ್ಲ. ಮಕ್ಕಳ ತಲೆಯ ಮೇಲಿನ ಸೂರಿನ ವಿಷಯದಲ್ಲಿ ಪರಂಪರೆಯ ಮೋಹಕ್ಕೆ ಜಾಗ ಇಲ್ಲ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಅಡುಗೆಮನೆಯ ಕಿಡಿ, ಹುಲ್ಲಿನ ಸೂರು, ಇಕ್ಕಟ್ಟಿನ ಮೆಟ್ಟಿಲು. ಆ ದುರಂತದ ಹಿನ್ನೆಲೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಶಾಲಾ ಕಟ್ಟಡಗಳ ಸುರಕ್ಷತೆಯ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿತು. ಬೆಂಕಿ ಆರಿಸುವ ಸಾಧನ, ಸಿಬ್ಬಂದಿಗೆ ತರಬೇತಿ, ಕಟ್ಟಡದ ಪರೀಕ್ಷೆ ಎಲ್ಲ ಅದರಲ್ಲಿವೆ.

ಆದರೆ ಮಹಾರಾಣಿ ಕಾಲೇಜಿನ ಘಟನೆಯಲ್ಲಿ ಇನ್ನೊಂದು ಅಂಶ ಇದೆ. ಆ ಕಟ್ಟಡದಲ್ಲಿ ದಿನಾ ಜನ ಇದ್ದರು. ಬಿರುಕು ಕಂಡವರಿದ್ದರು, ಕಂಡು ಗಾಬರಿಯಾಗುವವರಿದ್ದರು. ಖಾಲಿ ಕಟ್ಟಡದ ಬಿರುಕನ್ನು ಯಾರು ನೋಡುತ್ತಾರೆ? ನಮ್ಮ ಹಳೇ ಕಟ್ಟಡಗಳ ರೋಗ ಬಹುಮಟ್ಟಿಗೆ ನೀರಿನದು. ಮದ್ರಾಸ್ ತಾರಸಿ ಅಂದರೆ ಮರದ ತೊಲೆ, ಅದರ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಮೇಲಿನ ಗಾರೆ ಬಿರಿದು ನೀರು ಇಳಿದರೆ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮಳೆನೀರಿನ ಕೊಳವೆ ಕಟ್ಟಿಕೊಂಡರೆ ನೀರು ತಾರಸಿಯಲ್ಲೇ ನಿಲ್ಲುತ್ತದೆ. ಕೈಪಿಡಿ ಗೋಡೆಯ ಸಂದಿಯಲ್ಲಿ ಅರಳಿ ಸಸಿ ಹುಟ್ಟುತ್ತದೆ, ಬೇರು ಇಟ್ಟಿಗೆಯನ್ನು ಸೀಳುತ್ತದೆ. ತೇಪೆ ಹಾಕಲು ಬಂದವರು ಸುಣ್ಣದ ಗೋಡೆಗೆ ಸಿಮೆಂಟ್ ಬಳಿಯುತ್ತಾರೆ. ಆಗ ಒಳಗಿನ ತೇವ ಹೊರಬರಲಾರದೆ ಅಲ್ಲೇ ಉಳಿಯುತ್ತದೆ. ಇದಕ್ಕೆಲ್ಲ ಬೇಕಾದದ್ದು ಮಳೆಗಾಲಕ್ಕೆ ಮುಂಚೆ ತಾರಸಿ ಹತ್ತಿ ಗುಡಿಸಿ, ಸಸಿ ಕಿತ್ತು, ಬಿರುಕು ಮುಚ್ಚುವ ಒಬ್ಬ ಜವಾಬ್ದಾರಿಯ ಮನುಷ್ಯ. ಶಾಲೆಯಲ್ಲಿ ಅಂಥವರು ಇರುತ್ತಾರೆ. ಸೋರುವ ಕೋಣೆಯ ಬಗ್ಗೆ ಹೆಡ್‌ಮಾಸ್ಟರು ಪತ್ರ ಬರೆಯುತ್ತಾರೆ, ಪೋಷಕರಿರುವ ಶಾಲಾ ಸಮಿತಿ ಎಸ್‌ಡಿಎಂಸಿಯವರು ಬಂದು ಜಗಳ ಮಾಡುತ್ತಾರೆ. ಖಾಲಿ ಮಳಿಗೆಯ ಪರವಾಗಿ ಜಗಳ ಮಾಡುವವರಿಲ್ಲ.

ಇನ್ನೂ ಒಂದು ಲಾಭ ಇದೆ. ಇಲ್ಲಿ ಮಕ್ಕಳು ಕೂರುತ್ತಾರೆ ಅಂತ ಮೊದಲೇ ಬರೆದಿಟ್ಟರೆ ಕಟ್ಟಡದ ಪರೀಕ್ಷೆ ಮಾಡುವವರು ಸಹಿ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ದುರಸ್ತಿ ಸಾಲದು ಅಂತ ಅವರು ಪ್ರಾಮಾಣಿಕವಾಗಿ ಹೇಳಿದರೆ ನಾನು ಒಪ್ಪುತ್ತೇನೆ. ಮುಂಭಾಗದ ಕಮಾನು ಸಾಲು ಹಾಗೇ ಇರಲಿ, ಒಳಗೆ ಗಟ್ಟಿ ಕಟ್ಟಡ ಬರಲಿ. ಪರಂಪರೆ ಪ್ರೇಮಿಗಳಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಬರಲಿ.

ವ್ಯಾಪಾರಿಗಳ ಪ್ರಶ್ನೆಗೆ ಬರುತ್ತೇನೆ. ಆ ಮಳಿಗೆಗಳಲ್ಲಿ ತಲೆಮಾರುಗಳಿಂದ ಬದುಕಿದವರಿದ್ದಾರೆ. ಕಟ್ಟಡ ಬಿದ್ದದ್ದು ಅವರಿಂದಲ್ಲ. ಅವರಿಗೆ ಪರ್ಯಾಯ ಕೊಡದೆ ಶಾಲೆ ತೆರೆಯಿರಿ ಅಂತ ನಾನು ಹೇಳಲಾರೆ. ನೆಲಮಹಡಿಯ ರಸ್ತೆ ಕಡೆಯ ಒಂದು ಭಾಗ ಅವರಿಗಿರಲಿ. ಒಂದೇ ಶರತ್ತು: ಮೇಲೆ ಮಕ್ಕಳಿರುವಾಗ ಕೆಳಗೆ ಗ್ಯಾಸ್ ಸಿಲಿಂಡರ್, ಪಟಾಕಿ, ಪೇಂಟು, ಪ್ಲಾಸ್ಟಿಕ್ ದಾಸ್ತಾನು ಇರಬಾರದು. ಪುಸ್ತಕವೂ ಹೊತ್ತಿಕೊಳ್ಳುವ ವಸ್ತುವೇ, ಹಾಗಾಗಿ ಅಂಗಡಿಗೂ ಶಾಲೆಗೂ ನಡುವೆ ಬೆಂಕಿ ತಡೆಯುವ ಗೋಡೆ, ಶಾಲೆಗೆ ತನ್ನದೇ ಬೇರೆ ಬಾಗಿಲು, ಎರಡು ಕಡೆ ಮೆಟ್ಟಿಲು ಬೇಕು. ಉಳಿದ ವ್ಯಾಪಾರಿಗಳಿಗೆ ಪಾಲಿಕೆ ಬೇರೆ ಕಡೆ ಮಳಿಗೆ ಕೊಡಬೇಕು. ಅದು ಸುಲಭ ಅಲ್ಲ, ಆದರೆ ನ್ಯಾಯ.

ಹಳೇ ಪುಸ್ತಕದವರ ಬಗ್ಗೆ ಎರಡು ಮಾತು ಜಾಸ್ತಿಯೇ ಹೇಳುತ್ತೇನೆ, ಕ್ಷಮಿಸಿ. ಮೈಸೂರಿನಲ್ಲಿ ಓದಿದ ನನ್ನ ವಯಸ್ಸಿನವರಿಗೆ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಅಂದರೆ ಅವರೇ. ಜೂನ್ ತಿಂಗಳಲ್ಲಿ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹೋದ ವರ್ಷದ ಪಠ್ಯಪುಸ್ತಕ ಅರ್ಧ ಬೆಲೆಗೆ ಕೊಟ್ಟು ಈ ವರ್ಷದ್ದನ್ನು ಅರ್ಧ ಬೆಲೆಗೆ ತರುವುದು. ಹಿಂದಿನ ಒಡೆಯ ಪೆನ್ಸಿಲಿನಲ್ಲಿ ಉತ್ತರ ಬರೆದಿಟ್ಟಿದ್ದರೆ ಅದು ಬೋನಸ್. ಗಣಿತದ ಎಷ್ಟೋ ಪುಸ್ತಕಗಳು ನನ್ನ ಕೈಗೆ ಬಂದದ್ದು ಆ ಅಂಗಡಿಗಳಿಂದಲೇ. ಕೊಳ್ಳಲು ದುಡ್ಡಿಲ್ಲದಿದ್ದರೆ ನಿಂತೇ ಓದಬಹುದಿತ್ತು, ಯಾರೂ ಎಬ್ಬಿಸುತ್ತಿರಲಿಲ್ಲ. ಹೈಸ್ಕೂಲು, ಪಿಯು ಮಕ್ಕಳು ಓಡಾಡುವ ಬಾಗಿಲ ಪಕ್ಕ ಇಂಥ ನಾಲ್ಕು ಅಂಗಡಿ ಇದ್ದರೆ ಶಾಲೆಯ ಲೈಬ್ರರಿಗೆ ಎಷ್ಟು ಬಲ!

ಆಕ್ಷೇಪಗಳು ಇನ್ನೂ ಇವೆ. ಆಟದ ಮೈದಾನ ಇಲ್ಲ. ನಿಜ, ಇದು ದೊಡ್ಡ ಕೊರತೆ. ಎಂಟನೇ ತರಗತಿವರೆಗಿನ ಶಾಲೆಗೆ ಮೈದಾನ ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಅದಕ್ಕೆ ಅಡ್ಡಿ ಬಂದರೆ ಎಂಟನ್ನು ಬಿಟ್ಟು ಒಂಬತ್ತರಿಂದ ಶುರು ಮಾಡಿ. ಹಾಗಂತ ಆಟ ಬೇಡ ಅಂತಲ್ಲ. ಸುತ್ತಮುತ್ತಲ ಸರ್ಕಾರಿ ಕಾಲೇಜುಗಳಿಗೆ ಮೈದಾನಗಳಿವೆ. ವಾರಕ್ಕೆ ಇಂತಿಷ್ಟು ಹೊತ್ತು ಅಂತ ಲಿಖಿತ ಆದೇಶ ಮಾಡಿಸಿ ಕೊಡಬೇಕು. ಬಾಯಿಮಾತಿನ ಒಪ್ಪಂದ ಹೊಸ ಪ್ರಿನ್ಸಿಪಾಲರು ಬಂದ ದಿನ ಮುಗಿಯುತ್ತದೆ.

ಬಿಸಿಯೂಟಕ್ಕೆ ಅಡುಗೆಮನೆ ಎಲ್ಲಿ ಅಂತ ಕೇಳುತ್ತಾರೆ. ನಗರದ ಎಷ್ಟೋ ಶಾಲೆಗಳಿಗೆ ಊಟ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತದೆ. ಇಲ್ಲಿಗೂ ಹಾಗೇ ಬರಲಿ. ಬೆಂಕಿಯ ಚಿಂತೆಯೂ ಅಷ್ಟು ಕಡಿಮೆ. ಬಡಿಸಲು ಮತ್ತು ಕೂತು ಉಣ್ಣಲು ಜಾಗ ಮಾಡಿದರೆ ಸಾಕು. ದಸರಾ ಗದ್ದಲದ ಮಾತು ಬಂದರೆ, ಆಗ ಮಕ್ಕಳಿಗೆ ಹೇಗೂ ರಜೆ. ಟ್ರಾಫಿಕ್ಕಿಗೆ ಬೆಳಿಗ್ಗೆ, ಸಂಜೆ ಪೊಲೀಸರು ನಿಲ್ಲಬೇಕು, ಅಷ್ಟೆ.

ಬಾಡಿಗೆ ಹೋಗುತ್ತದೆ ಅನ್ನುವ ಮಾತು ಮಾತ್ರ ನನಗೆ ಅರ್ಥವಾಗುವುದಿಲ್ಲ. ಬೀಗ ಹಾಕಿದ ಮಳಿಗೆಯಿಂದ ಈಗ ಯಾವ ಬಾಡಿಗೆ ಬರುತ್ತಿದೆ? ಇನ್ನು ದುರಸ್ತಿಯ ದುಡ್ಡು. ಬರೀ ಪಾಲಿಕೆಯ ಖಜಾನೆಯಿಂದ ಆಗುವ ಕೆಲಸ ಇದಲ್ಲ, ಒಪ್ಪುತ್ತೇನೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ 2 ಶೇಕಡಾವನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಪಾರಂಪರಿಕ ಕಟ್ಟಡಗಳ ಜೀರ್ಣೋದ್ಧಾರವೂ ಇದೆ. ಎರಡೂ ಒಂದೇ ಕಡೆ ಸಿಗುವ ಯೋಜನೆ ಇದು. ಮೈಸೂರಿನ ಸುತ್ತ ಕೈಗಾರಿಕೆಗಳು ಕಡಿಮೆ ಇಲ್ಲ. ಆದರೆ ಏನು ಮಾಡುತ್ತೀರಿ ಅಂತ ಪಾಲಿಕೆಯೇ ಹೇಳದಿದ್ದರೆ ಯಾರು ತಾನೇ ದುಡ್ಡು ಕೊಟ್ಟಾರು?

ಇಷ್ಟು ಹೇಳಿದ ಮೇಲೆ ನನ್ನ ಕೋರಿಕೆಗಳು ಹೀಗಿವೆ. ಲ್ಯಾನ್ಸ್‌ಡೌನ್ ಕಟ್ಟಡದ ಬಗ್ಗೆ ಈವರೆಗೆ ಬಂದ ಎಲ್ಲ ತಜ್ಞರ ವರದಿಗಳನ್ನೂ ಪೂರ್ತಿಯಾಗಿ ಕನ್ನಡದಲ್ಲಿ ಪ್ರಕಟಿಸಿ. ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು ಓದಿ ನಾವು ಜಗಳ ಆಡುತ್ತಿದ್ದೇವೆ. ಮುಂದಿನ ಟೆಂಡರ್ ಕರೆಯುವ ಮುಂಚೆ ಕಟ್ಟಡದ ಬಳಕೆ ಏನು ಅಂತ ತೀರ್ಮಾನಿಸಿ, ನಕ್ಷೆ ಆಮೇಲೆ ಮಾಡಿಸಿ. ಆ ತೀರ್ಮಾನದ ಸಭೆಗೆ ಶಾಲಾ ಶಿಕ್ಷಣ ಇಲಾಖೆಯನ್ನೂ, ಪರಂಪರೆ ಇಲಾಖೆಯನ್ನೂ, ಅಗ್ನಿಶಾಮಕ ದಳವನ್ನೂ, ಹಳೇ ಬಾಡಿಗೆದಾರರನ್ನೂ ಕರೆಯಿರಿ. ಹಳೇ ಮೊಹಲ್ಲಾಗಳ ತಾಯಂದಿರನ್ನೂ ಕರೆಯಿರಿ, ಅವರನ್ನು ಯಾರೂ ಕರೆಯುವುದಿಲ್ಲ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ವ್ಯಾಪಾರ ಬಿಟ್ಟು ಅವರು ಬರಲಾರರು. ಮಧ್ಯಾಹ್ನ ಮೂರರ ಮೇಲೆ ಇಡಿ.

ಉಪನಿರ್ದೇಶಕರಲ್ಲಿ ಒಂದು ಪ್ರತ್ಯೇಕ ಮಾತು. ಕೆ.ಆರ್. ವೃತ್ತದ ಸುತ್ತಲ ಶಾಲೆಗಳಲ್ಲಿ ಎಂಟನೇ ತರಗತಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಜನ ದ್ವಿತೀಯ ಪಿಯುವರೆಗೆ ಮುಟ್ಟಿದರು ಅನ್ನುವ ಲೆಕ್ಕ ನಿಮ್ಮ ದಾಖಲೆಯಲ್ಲೇ ಇದೆ. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ದಯವಿಟ್ಟು ಅದನ್ನು ಆಯುಕ್ತರ ಮುಂದಿಡಿ. ನನ್ನ ಪತ್ರಕ್ಕಿಂತ ಆ ಸಂಖ್ಯೆ ಚೆನ್ನಾಗಿ ವಾದ ಮಾಡುತ್ತದೆ.

ಮಹಾನಗರ ಪಾಲಿಕೆ ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಅನ್ನುವುದನ್ನಾದರೂ ಬರೆದು ತಿಳಿಸಿ. ಈ ಪತ್ರದ ಸಹಿ ಮಾಡಿದ ಪ್ರತಿಯನ್ನು ವಿಳಾಸದ ಸಮೇತ ನಿಮ್ಮ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಮುದ್ರೆ ಹಾಕಿಸಿಕೊಂಡಿದ್ದೇನೆ. ಮುಂದಿನ ಶೈಕ್ಷಣಿಕ ವರ್ಷದ ದಾಖಲಾತಿ ಶುರುವಾಗುವ ಮುಂಚೆ ಉತ್ತರ ಬರುತ್ತದೆ ಅಂತ ಎದುರು ನೋಡುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ,
ಮೈಸೂರು